ಮೂಗಿಗೆ ಹೊಡೆದ ವಿನೆಗರ್ ವಾಸನೆ

ಪ್ರಶ್ನೆ: ನೀರಿಗೆ ಎಥನಾಲ್ ಬೆರೆಸಿ ವಿದ್ಯುತ್ ಹರಿಸಿದರೆ ಅರ್ಧ ಕರೆಂಟಿಗೇ ಹೈಡ್ರೋಜನ್ ಸಿಗುತ್ತದಂತೆ. ಒಳ್ಳೆಯ ಕ್ರಿಯಾವರ್ಧಕ (ಕ್ಯಾಟಲಿಸ್ಟ್) ಇದ್ದರೆ ಸಾಕಂತೆ. ನಿಜವೇ?

ಉತ್ತರ: ಅರ್ಧ ಅನ್ನೋದು ನಿಜ. ಆದರೆ ಆ ಉಳಿತಾಯದ ಹೆಗ್ಗಳಿಕೆ ಎಥನಾಲ್‌ಗೆ ಸೇರಬೇಕು, ಕ್ರಿಯಾವರ್ಧಕಕ್ಕಲ್ಲ.

ಒಂದು ಕಿಲೋ ಹೈಡ್ರೋಜನ್‌ಗೆ ಬೇಕಾದ ಎಲೆಕ್ಟ್ರಾನುಗಳ ಲೆಕ್ಕ ಯಾವಾಗಲೂ ಒಂದೇ. ಬದಲಾಗುವುದು ವೋಲ್ಟೇಜ್. ಪ್ರತಿ ವೋಲ್ಟಿಗೆ ಸುಮಾರು 26.6 ಯೂನಿಟ್ ಖರ್ಚು. ನೀರೊಂದನ್ನೇ ಒಡೆಯಲು ಪುಸ್ತಕದ ಲೆಕ್ಕದಲ್ಲಿ 1.23 ವೋಲ್ಟ್ ಸಾಕು, ನಿಜವಾದ ಸೆಲ್ (ವಿದ್ಯುತ್ ಹರಿಸಿ ಒಡೆಯುವ ಪಾತ್ರೆ) 1.8ರಿಂದ 2 ಕೇಳುತ್ತದೆ. ಅಂದರೆ 50 ಯೂನಿಟ್ ಆಸುಪಾಸು. ಎಥನಾಲ್‌ಗೆ ಪುಸ್ತಕದ ಲೆಕ್ಕದಲ್ಲಿ 0.1 ವೋಲ್ಟೂ ಬೇಡ. ಸೆಲ್ 0.8 ವೋಲ್ಟಿನಲ್ಲಿ ನಡೆದರೆ 21 ಯೂನಿಟ್. ಉಳಿದದ್ದು ಪುಕ್ಕಟೆ ಬಂದದ್ದಲ್ಲ, ಗಿಡ ಬಿಸಿಲಿನಿಂದ ಕೂಡಿಟ್ಟ ಶಕ್ತಿ. (ಪೆಟ್ರೋಲಿಯಂನಿಂದ ಮಾಡಿದ ಎಥನಾಲ್ ಆದರೆ ‘ಹಸಿರು’ ಅನ್ನೋ ಮಾತು ಸುಮ್ನೆ.)

ಹಾಗಾದರೆ ಕ್ರಿಯಾವರ್ಧಕಕ್ಕೆ ಏನು ಕೆಲಸ? ಎಥನಾಲ್ ಅಣುವಿನಲ್ಲಿ ಎರಡು ಕಾರ್ಬನ್‌ಗಳು ಬಿಗಿಯಾಗಿ ಕೈ ಹಿಡಿದಿವೆ. ಎಲೆಕ್ಟ್ರಾನ್ ಹೆಚ್ಚು ಸಿಕ್ಕಷ್ಟೂ ಹೈಡ್ರೋಜನ್ ಹೆಚ್ಚು. ಜೋಡಿ ಬಿಡಿಸಿದರೆ ಒಂದು ಅಣುವಿಗೆ 12 ಎಲೆಕ್ಟ್ರಾನ್. ಬಿಡಿಸಲಾಗದೆ ಅಸಿಟಿಕ್ ಆಮ್ಲಕ್ಕೇ (ವಿನೆಗರ್‌ನಲ್ಲಿರುವ ಹುಳಿ) ನಿಂತರೆ ಬರೀ 4.

ನಾನು ಮೊದಲ ಸಲ ಬರೀ ಪ್ಲಾಟಿನಂ ಆನೋಡ್ (ಎಥನಾಲ್ ಒಡೆಯುವ ತುದಿ) ಇಟ್ಟು ಸೆಲ್ ನಡೆಸಿದ ದಿನ ಕ್ಯಾಥೋಡಿನಲ್ಲಿ (ಹೈಡ್ರೋಜನ್ ಏಳುವ ತುದಿ) ಗುಳ್ಳೆ ಚೆನ್ನಾಗೇ ಏಳುತ್ತಿತ್ತು. ಗೆದ್ದೆ ಅಂದುಕೊಂಡೆ. ಸಂಜೆ ಸೆಲ್ ಬಿಚ್ಚಿದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು! ಕಾರ್ಬನ್ ಜೋಡಿ ಅಲುಗಿರಲೇ ಇಲ್ಲ. ಪೂರ್ತಿ ಒಡೆದರೆ ಒಂದು ಕಿಲೋ ಹೈಡ್ರೋಜನ್‌ಗೆ 3.8 ಕಿಲೋ ಎಥನಾಲ್ ಸಾಕು. ಅಸಿಟಿಕ್ ಆಮ್ಲಕ್ಕೆ ನಿಂತರೆ 11.4 ಕಿಲೋ ಸುರಿಯಬೇಕು. ಕರೆಂಟು ಉಳಿಸಿ ಎಥನಾಲ್ ಕಳೆದುಕೊಂಡ ಹಾಗಾಯಿತಲ್ವಾ?

ಒಡೆದರೂ ಪಾಡು ತಪ್ಪಿದ್ದಲ್ಲ. ಚೂರುಗಳು ಕಾರ್ಬನ್ ಮಾನಾಕ್ಸೈಡ್ ಆಗಿ ಪ್ಲಾಟಿನಂಗೆ ಅಂಟಿಕೊಂಡು ಜಾಗ ಬಿಡುವುದಿಲ್ಲ. ನೋಡನೋಡುತ್ತಾ ಆಂಪಿಯರ್ ಇಳಿಯುತ್ತದೆ. ಅದಕ್ಕೇ ರುಥೇನಿಯಂ ಅಥವಾ ತವರ ಬೆರೆಸುವುದು. ಅವು ನೀರಿನಿಂದ ಆಕ್ಸಿಜನ್ ಕಿತ್ತು ಪಕ್ಕದ ಮಾನಾಕ್ಸೈಡಿಗೆ ದಾಟಿಸುತ್ತವೆ, ಅದು ಡೈಆಕ್ಸೈಡ್ ಆಗಿ ಎದ್ದುಹೋಗುತ್ತದೆ. ಆದರೆ ತವರಕ್ಕೆ ಕಾರ್ಬನ್ ಜೋಡಿ ಬಿಡಿಸಲಾಗದು. ಆ ಕೆಲಸಕ್ಕೆ ರೋಡಿಯಂ ಬೇಕು. 2009ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಪ್ಲಾಟಿನಂ, ರೋಡಿಯಂ, ತವರದ ಆಕ್ಸೈಡ್ ಮೂರನ್ನೂ ಸೇರಿಸಿ, ಕೋಣೆಯ ಉಷ್ಣತೆಯಲ್ಲೇ ಜೋಡಿ ಬಿಡಿಸಿ ತೋರಿಸಿದರು. ರೋಡಿಯಂ ಬೆಲೆ ಮಾತ್ರ ಕೇಳಬೇಡಿ.

ಅಗ್ಗದ ನಿಕ್ಕಲ್ ಹಾಕಬಾರದೇ ಅಂತ ನೀವು ಮುಂದೆ ಕೇಳುವುದು ಖಂಡಿತ. ಹಾಕಬಹುದು, ಕ್ಷಾರದಲ್ಲಿ. ಆದರೆ ಹೆಚ್ಚುಕಮ್ಮಿ 1.35 ವೋಲ್ಟ್ ಮುಟ್ಟುವವರೆಗೆ ಅದಕ್ಕೆ ಎಚ್ಚರವೇ ಆಗುವುದಿಲ್ಲ. ಅಲ್ಲಿಗೆ 36 ಯೂನಿಟ್ ಆಯಿತು, ಮತ್ತೆ ಅಲ್ಲೂ ಉಳಿಯುವುದು ಬಹುಪಾಲು ಅಸಿಟೇಟೇ, ಅಂದರೆ ಅದೇ ಅಸಿಟಿಕ್ ಆಮ್ಲದ ಲವಣ.