ಮಾತ್ರೆಯಿಂದ ಚೆನ್ನಾದ ಹುಡುಗನನ್ನು ಊರು ಕೆಲಸಕ್ಕೆ ಕರೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಮಾನಸಿಕ ಆರೋಗ್ಯದ ಬಗ್ಗೆ ನಮಗೆ ಅರ್ಧ ದಿನ ತರಬೇತಿ ಆಗಿದೆ. ಕಾಯಿಲೆಗಳ ಹೆಸರು, ಲಕ್ಷಣ ಹೇಳಿದರು, ಅಷ್ಟೇ. ನಮ್ಮೂರಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರುವ ಹುಡುಗನೊಬ್ಬ ಮಾತ್ರೆ ತಗೊಂಡು ಈಗ ಚೆನ್ನಾಗಿದ್ದಾನೆ. ಆದರೂ ಯಾರೂ ಕೆಲಸಕ್ಕೆ ಕರೆಯಲ್ಲ. ಮನೆಯವರು ಮದುವೆ-ಮುಂಜಿಗೂ ಕರ್ಕೊಂಡು ಹೋಗಲ್ಲ. ನನ್ನಿಂದ ಏನಾಗುತ್ತೆ? ಇನ್ನೂ ಎಂಥ ತರಬೇತಿ ಕೇಳಬೇಕು?

ಉತ್ತರ: ನಿಮ್ಮಿಂದ ಬಹಳ ಆಗುತ್ತದೆ. ನಿಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಸುಮಾರು ಎರಡು ದಶಕದಿಂದ ಈ ಕಾಯಿಲೆಯವರ ಜೊತೆ ಕೆಲಸ ಮಾಡಿದ್ದಾರೆ. ಊರಿನ ಹತ್ತಿರವೇ ಚಿಕಿತ್ಸೆ ಸಿಕ್ಕಾಗ ಜನ ತಮ್ಮ ಕೆಲಸ, ಓಡಾಟಗಳಿಗೆ ಮರಳುವುದು ಹೆಚ್ಚಾಯಿತು. ತಮಿಳುನಾಡು, ಗೋವಾ, ಮಹಾರಾಷ್ಟ್ರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಡಾಕ್ಟರಲ್ಲದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ನೆರವಾದರು. ಬರೀ ಆಸ್ಪತ್ರೆ ಚಿಕಿತ್ಸೆ ಪಡೆದವರಿಗಿಂತ ಈ ನೆರವೂ ಸಿಕ್ಕ ರೋಗಿಗಳಿಗೆ ಸ್ವಲ್ಪ ಜಾಸ್ತಿ ಪ್ರಯೋಜನ ಆಯಿತು. ಆ ಕಾರ್ಯಕರ್ತರಿಗೆ ತರಬೇತಿಯ ಜೊತೆಗೆ ಮೇಲ್ವಿಚಾರಣೆಯೂ ಇತ್ತು. ನಿಮಗೆ ಸಿಗದೇ ಹೋಗಿದ್ದು ಇದೇ ಎಂದು ನನಗನ್ನಿಸುತ್ತದೆ.

ಹಾಗಾಗಿ ಇನ್ನೊಂದು ಉಪನ್ಯಾಸ ಕೇಳಬೇಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರನ್ನು ನಿಮ್ಮ ಜೊತೆ ಒಂದೆರಡು ಮನೆಗೆ ಬರಲು ಕೇಳಿ. ಅವರು ಹೇಗೆ ಮಾತಾಡಿಸುತ್ತಾರೆ ನೋಡಿ, ಆಮೇಲೆ ಅವರೆದುರಿಗೇ ನೀವು ಮಾತಾಡಿಸಿ. ತಿಂಗಳಿಗೊಮ್ಮೆ ನಿಮ್ಮ ಅನುಮಾನಗಳನ್ನು ಕೇಳಲು ಒಬ್ಬರು ಬೇಕು. ಕಾಯಿಲೆ ಪತ್ತೆ ಮಾಡುವ ಹೊರೆ ನಿಮ್ಮದಲ್ಲ. ಮಾತ್ರೆ ನಿಂತಿದೆಯಾ, ನಿದ್ದೆ ಕೆಟ್ಟಿದೆಯಾ ಅಂತ ಮೊದಲೇ ಗುರುತಿಸುವುದು ನಿಮ್ಮ ಕೆಲಸ.

ಈಗ ಹುಡುಗನ ವಿಷಯ. ಮೊದಲು ಅವನನ್ನೇ ಕೇಳಿ, ಅವನಿಗೆ ಏನು ಬೇಕು ಅಂತ. ಈ ಪ್ರಶ್ನೆಯನ್ನು ಎಲ್ಲರೂ ಮನೆಯವರಿಗೆ ಕೇಳುತ್ತಾರೆ, ಅವನಿಗೆ ಕೇಳುವವರೇ ಕಮ್ಮಿ. ಜಗಲಿಯಲ್ಲಿ ನಾಲ್ಕು ಜನರಿದ್ದಾಗ ಕಾಯಿಲೆಯ ಮಾತು ಎತ್ತಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವನಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಅವನಿಗೆ ಮನಸ್ಸಿದ್ದರೆ, ಪರಿಚಯದ ಒಂದು ಮನೆಯಲ್ಲಿ ಅಡಿಕೆ ಹರಡುವ, ಆರಿಸುವ ಕೆಲಸಕ್ಕೆ ದಿನಕ್ಕೆ ಒಂದೆರಡು ಗಂಟೆ ಕರೆಯುವಂತೆ ಮಾತಾಡಿ. ಕೂಲಿ ಕೊಡಲೇಬೇಕು, ಸುಮ್ನೆ ದುಡಿಸಿಕೊಳ್ಳಬಾರದು. ಕೆಲವು ಮಾತ್ರೆಗಳಿಂದ ಮಂಪರು, ಕೈ ನಡುಕ ಬರುತ್ತದೆ. ಆದ್ದರಿಂದ ಮರ ಹತ್ತುವುದು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು ಡಾಕ್ಟರನ್ನು ಕೇಳದೆ ಬೇಡ. ಬೆಳಿಗ್ಗೆ ಎದ್ದೇಳಲಾಗದಿದ್ದರೆ ಸೋಮಾರಿ ಅನ್ನುತ್ತಾರೆ. ಅದು ಮಾತ್ರೆಯಿಂದಲೂ ಇರಬಹುದು, ಕಾಯಿಲೆಯಿಂದಲೂ ಇರಬಹುದು ಅಂತ ಮನೆಯವರಿಗೆ ಬಿಡಿಸಿ ಹೇಳಿ.

ಮದುವೆಗೆ ಕರೆದೊಯ್ಯದ ಅಪ್ಪ-ಅಮ್ಮನನ್ನು ಬೈಯಬೇಡಿ. ಜನ ಏನಾದರೂ ಅಂದಾರು ಅನ್ನುವ ಭಯ ಅವರದು. ನೆಂಟರ ಮನೆಯ ಸಣ್ಣ ಊಟದಿಂದ ಶುರು ಮಾಡಲಿ.

ಅಂಗವಿಕಲರಿಗೆ ನೆರವಾಗುವ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಜೊತೆಗೆ ಸೇರಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತೊಂದರೆ ಶೇ 40 ಅಥವಾ ಜಾಸ್ತಿ ಎಂದು ವೈದ್ಯರು ದೃಢಪಡಿಸಿದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಅದನ್ನು ತೋರಿಸಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅವನಾಗಲಿ, ಮನೆಯವರಾಗಲಿ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.