ಹೂಗ್ಲಿ ದಂಡೆಯ ಹಳೆಯ ಕೋಲ್ಕತ್ತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೆಲಸದ ನಿಮಿತ್ತ ಕೋಲ್ಕತ್ತಕ್ಕೆ ಹೋಗುತ್ತಿದ್ದೇನೆ. ನಗರದ ಹಳೆಯ ಕೇಂದ್ರವಾದ ಬಿ.ಬಿ.ಡಿ. ಬಾಗ್ ನೋಡಲು ಒಂದೇ ದಿನದ ಬಿಡುವಿದೆ. ಎಲ್ಲಿಂದ ಆರಂಭಿಸಲಿ?
– ಓದುಗರು, ದಾವಣಗೆರೆ

ಉತ್ತರ: ಜನರಲ್ ಪೋಸ್ಟ್ ಆಫೀಸಿನ ಮೆಟ್ಟಿಲುಗಳಿಂದ ಆರಂಭಿಸಿ. ವಾಲ್ಟರ್ ಗ್ರ್ಯಾನ್‌ವಿಲ್ ರೂಪಿಸಿದ ಈ ಬಿಳಿ ಗುಮ್ಮಟದ ಕಟ್ಟಡ 1868ರಲ್ಲಿ ಸಿದ್ಧವಾಯಿತು. ಬಂದವರಲ್ಲಿ ಹೆಚ್ಚಿನವರು ಗುಮ್ಮಟವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ನೀವು ಪೂರ್ವ ಬದಿಯ ಮೆಟ್ಟಿಲುಗಳ ಮೇಲೆ ಕಣ್ಣಾಡಿಸಿ. ಅಲ್ಲಿ ಹುದುಗಿಸಿರುವ ಹಿತ್ತಾಳೆಯ ಗೆರೆಯೊಂದು ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಫೋರ್ಟ್ ವಿಲಿಯಂ ಕೋಟೆ ಎಲ್ಲಿಯವರೆಗೆ ಚಾಚಿತ್ತು ಎಂಬುದಕ್ಕೆ ಅದು ಗುರುತು.

ಆ ಕೋಟೆಯನ್ನು ಕಟ್ಟಲು ತೊಡಗಿದ್ದು 1696ರಲ್ಲಿ. ಆಗ ಹೂಗ್ಲಿ ನದಿ ಕೋಟೆಯ ಪಶ್ಚಿಮದ ಗೋಡೆಯ ಬಳಿಯಲ್ಲೇ ಹರಿಯುತ್ತಿತ್ತು. ಇಂದು ನೀರನ್ನು ಕಾಣಬೇಕಾದರೆ ಸ್ಟ್ರ್ಯಾಂಡ್ ರಸ್ತೆಯನ್ನು ದಾಟಬೇಕು, ಏಕೆಂದರೆ ನದಿ ಪಶ್ಚಿಮಕ್ಕೆ ಸರಿದು ಬಿಟ್ಟುಕೊಟ್ಟ ನೆಲದ ಮೇಲೆಯೇ 1820ರ ದಶಕದಲ್ಲಿ ಆ ರಸ್ತೆಯನ್ನು ಹಾಕಲಾಯಿತು. ಈ ಪ್ರದೇಶವನ್ನು ನೋಡುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು ಎಂದು ನನ್ನ ದೃಢವಾದ ಅಭಿಪ್ರಾಯ. ಹಡಗು, ಸರಕು, ಸುಂಕ, ಲೆಕ್ಕಪತ್ರ, ಅಂಚೆ, ಬ್ಯಾಂಕು, ನ್ಯಾಯಾಲಯ ಇವೆಲ್ಲ ಇಲ್ಲಿ ಒಂದರ ಪಕ್ಕ ಒಂದು ನೆಲೆಯೂರಿದ್ದಕ್ಕೆ ನದಿಯೇ ಕಾರಣ. ನದಿಯನ್ನು ಮರೆತು ನೋಡಿದರೆ ಇವು ಬರಿಯ ದೊಡ್ಡ ಕಟ್ಟಡಗಳಾಗಿ ಉಳಿಯುತ್ತವೆ.

1756ರಲ್ಲಿ ನವಾಬ ಸಿರಾಜುದ್ದೌಲ ಈ ಕೋಟೆಯನ್ನು ವಶಪಡಿಸಿಕೊಂಡ. ಮರುವರ್ಷ ಪ್ಲಾಸಿಯಲ್ಲಿ ಗೆದ್ದ ಕಂಪನಿಯು ಹಳೆಯ ಕೋಟೆಯನ್ನು ನೆಚ್ಚದೆ ದಕ್ಷಿಣದ ಗೋಬಿಂದಪುರದಲ್ಲಿ ಹೊಸದೊಂದನ್ನು ಕಟ್ಟಿಸಿತು. ಫಿರಂಗಿಗಳ ಗುರಿಗೆ ಅಡ್ಡಿಯಾಗದಂತೆ ಅದರ ಸುತ್ತ ತೆರವು ಮಾಡಿದ ಬಯಲೇ ಇಂದಿನ ಮೈದಾನ. ಹಳೆಯ ಕೋಟೆ ಕೆಲಕಾಲ ಸುಂಕದ ಕಟ್ಟೆಯಾಗಿ ಬಳಕೆಯಲ್ಲಿದ್ದು ಆಮೇಲೆ ನೆಲಸಮವಾಯಿತು. ಲಾಲ್ ದಿಘಿ ಎಂಬ ಕೆರೆಯ ಸುತ್ತಲಿನ ಜಾಗ ಕಚೇರಿಗಳ ಪಾಲಾಯಿತು.

ಅಂಚೆ ಕಚೇರಿಯಿಂದ ಹೊರಟು ಕೆರೆಯ ಉತ್ತರಕ್ಕಿರುವ, 2013ರವರೆಗೆ ರಾಜ್ಯದ ಸಚಿವಾಲಯವಿದ್ದ ರೈಟರ್ಸ್ ಬಿಲ್ಡಿಂಗ್, ಈಶಾನ್ಯದ ಮೂಲೆಯ ಸೇಂಟ್ ಆಂಡ್ರ್ಯೂಸ್ ಚರ್ಚ್, ಆಗ್ನೇಯದ ಕರೆನ್ಸಿ ಬಿಲ್ಡಿಂಗ್ ಇವನ್ನು ನೋಡಿಕೊಂಡು, ದಕ್ಷಿಣಕ್ಕೆ ರಾಜಭವನದ (2025ರ ಕೊನೆಯಿಂದ ಅದರ ಹೆಸರು ಲೋಕಭವನ) ಕಡೆ ನಡೆಯಿರಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ 1813ರ ಟೌನ್ ಹಾಲ್ ಮತ್ತು 1872ರ ಹೈಕೋರ್ಟ್ ಸಿಗುತ್ತವೆ. ಹೈಕೋರ್ಟೂ ಗ್ರ್ಯಾನ್‌ವಿಲ್‌ನದೇ, ಬೆಲ್ಜಿಯಂನ ಈಪರ್ ನಗರದ ಬಟ್ಟೆ ವ್ಯಾಪಾರಿಗಳ ಮಧ್ಯಯುಗದ ಭವನ ಅದಕ್ಕೆ ಮಾದರಿ. ಹೌರಾ ಕಡೆಯಿಂದ ಬರುವವರಾದರೆ 2024ರ ಮಾರ್ಚ್‌ನಲ್ಲಿ ಆರಂಭವಾದ ಮೆಟ್ರೋ ಹತ್ತಿ. ಅದು ಹೂಗ್ಲಿಯ ತಳದ ಸುರಂಗದಲ್ಲಿ ಹಾದು ಮಹಾಕರಣ ನಿಲ್ದಾಣದಲ್ಲಿ, ಅಂದರೆ ರೈಟರ್ಸ್ ಬಿಲ್ಡಿಂಗ್‌ನ ಬಳಿಯಲ್ಲೇ, ನಿಮ್ಮನ್ನು ಇಳಿಸುತ್ತದೆ.

ಪ್ರಶ್ನೆ: ಡಾಲ್‌ಹೌಸಿ ಚೌಕಕ್ಕೆ ಬಿ.ಬಿ.ಡಿ. ಬಾಗ್ ಎಂದು ಹೆಸರು ಬಂದದ್ದು ಹೇಗೆ?
– ವಿದ್ಯಾರ್ಥಿ, ಹಾವೇರಿ

ಉತ್ತರ: 1930ರ ಡಿಸೆಂಬರ್ 8ರಂದು ಬಿನಯ್ ಬಸು, ಬಾದಲ್ ಗುಪ್ತ, ದಿನೇಶ್ ಗುಪ್ತ ಎಂಬ ಮೂವರು ಯುವಕರು ಐರೋಪ್ಯ ಉಡುಪಿನಲ್ಲಿ ರೈಟರ್ಸ್ ಬಿಲ್ಡಿಂಗ್ ಪ್ರವೇಶಿಸಿ, ರಾಜಕೀಯ ಕೈದಿಗಳ ಮೇಲಿನ ದೌರ್ಜನ್ಯಕ್ಕೆ ಕುಖ್ಯಾತನಾಗಿದ್ದ ಬಂದೀಖಾನೆಗಳ ಮುಖ್ಯಾಧಿಕಾರಿ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದರು. ಆಮೇಲೆ ಅಲ್ಲಿನ ಮೊಗಸಾಲೆಯಲ್ಲೇ ಪೊಲೀಸರೊಂದಿಗೆ ಗುಂಡಿನ ಕಾಳಗ ನಡೆಯಿತು. ಬಾದಲ್ ವಿಷ ಸೇವಿಸಿ ಅಲ್ಲೇ ಪ್ರಾಣ ಬಿಟ್ಟರು. ಬಿನಯ್ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ದಿನೇಶ್ ಅವರನ್ನು 1931ರ ಜುಲೈ 7ರಂದು ಗಲ್ಲಿಗೇರಿಸಲಾಯಿತು. ಸ್ವಾತಂತ್ರ್ಯಾನಂತರ ಈ ಮೂವರ ಹೆಸರಿನ ಮೊದಲ ಅಕ್ಷರಗಳನ್ನೇ ಚೌಕಕ್ಕೆ ಇಡಲಾಯಿತು. ಕಂಪನಿಯ ಕಿರಿಯ ಗುಮಾಸ್ತರಿಗಾಗಿ 1777ರಲ್ಲಿ ಥಾಮಸ್ ಲಯನ್ ರೂಪಿಸಿದ ಸಾದಾ ಕಟ್ಟಡ, ಒಂದು ಶತಮಾನದ ಬಳಿಕ ಕೆಂಪು ಇಟ್ಟಿಗೆಯ ಮುಖವನ್ನೂ ಗ್ರೀಕ್ ಮಾದರಿಯ ಪ್ರತಿಮೆಗಳನ್ನೂ ಪಡೆದು ಸರ್ಕಾರದ ಗತ್ತಿಗೆ ತಕ್ಕಂತೆ ನಿಂತಿತ್ತು. ಆ ಗತ್ತಿನ ಒಳಗೇ ನುಗ್ಗಿದ್ದರಿಂದ ಈ ಘಟನೆಗೆ ಅಷ್ಟು ತೂಕ ಬಂದಿತು.

ಪ್ರಶ್ನೆ: ಈ ಪ್ರದೇಶಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧವಿದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಇದೆ, ಅದೂ ನಿಮ್ಮ ಊರಿನಿಂದಲೇ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ವೆಲ್ಲೆಸ್ಲಿ. ರಾಜಭವನವನ್ನು ಇಂಗ್ಲೆಂಡಿನ ಕೆಡ್ಲ್‌ಸ್ಟನ್ ಭವನದ ಮಾದರಿಯಲ್ಲಿ ಕಟ್ಟಿಸಲು ಆತ ಕೈಹಾಕಿದ್ದೂ ಅದೇ ವರ್ಷ. ಅದು 1803ರಲ್ಲಿ ಮುಗಿಯಿತು. ಟಿಪ್ಪುವಿನ ಕುಟುಂಬವನ್ನು ಮೊದಲು ವೆಲ್ಲೂರಿನ ಕೋಟೆಯಲ್ಲಿ ಇರಿಸಿ, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತಕ್ಕೆ ಸಾಗಿಸಲಾಯಿತು. ಕಿರಿಯ ಮಗ ಗುಲಾಂ ಮಹಮ್ಮದ್ ಅಲ್ಲಿಯೇ ಬೆಳೆದು, ಧರ್ಮತಲದ ಮೂಲೆಯಲ್ಲಿ 1842ರಲ್ಲಿ ಮಸೀದಿಯೊಂದನ್ನು ಕಟ್ಟಿಸಿ ತಂದೆಯ ಹೆಸರಿಟ್ಟ. ಸಾಲು ಗುಮ್ಮಟಗಳ ಆ ಮಸೀದಿ ರಾಜಭವನದಿಂದ ಕಾಲ್ನಡಿಗೆಯ ದೂರದಲ್ಲಿದೆ. ಗೆದ್ದವನ ಅರಮನೆ, ಸೋತವನ ಮಗ ಕಟ್ಟಿಸಿದ ಮಸೀದಿ ಎರಡನ್ನೂ ಒಂದೇ ಮಧ್ಯಾಹ್ನ ನೋಡಬಹುದಾದ ಈ ಅವಕಾಶವನ್ನು ಕನ್ನಡಿಗರು ಕಳೆದುಕೊಳ್ಳಬಾರದು.

ಎರಡನೆಯ ಸಂಬಂಧ ಅಕ್ಷರದ್ದು. 1800ರಲ್ಲಿ ಆರಂಭವಾಗಿ ಕೆಲಕಾಲ ರೈಟರ್ಸ್ ಬಿಲ್ಡಿಂಗ್‌ನಲ್ಲೇ ನಡೆದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳನ್ನು ಕಲಿಸುತ್ತಿದ್ದವರು ವಿಲಿಯಂ ಕೇರಿ. ಅವರು ಬರೆದ ಕನ್ನಡ ವ್ಯಾಕರಣ 1817ರಲ್ಲಿ, ಇದೇ ನದಿಯ ಮೇಲ್ದಂಡೆಯ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಪ್ರಶ್ನೆ: ಇಷ್ಟು ಮುಖ್ಯವಾದ ಕಟ್ಟಡಗಳಲ್ಲಿ ಹಲವು ಪಾಳುಬಿದ್ದಂತೆ ಕಾಣುವುದೇಕೆ?
– ನಿವೃತ್ತ ಎಂಜಿನಿಯರ್, ಬೆಂಗಳೂರು

ಉತ್ತರ: ಮೂಲ ಕಾರಣ ಬಳಕೆ ತಪ್ಪಿದ್ದು. 1911ರಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಘೋಷಣೆಯಾಯಿತು, 1937ರಲ್ಲಿ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಮುಂಬಯಿಗೆ ಹೋಯಿತು, 2013ರಲ್ಲಿ ರಾಜ್ಯದ ಸಚಿವಾಲಯವೂ ನದಿಯಾಚೆಯ ಹೌರಾದ ನಬಾನ್ನ ಎಂಬ ಕಟ್ಟಡಕ್ಕೆ ಸ್ಥಳಾಂತರವಾಯಿತು. ಹೂಗ್ಲಿಯ ತೇವದ ಹವೆಯಲ್ಲಿ ಸುಣ್ಣದ ಗಾರೆ ಸಡಿಲಿ, ಬಿರುಕಿನಲ್ಲಿ ಆಲ–ಅರಳಿಯ ಸಸಿ ಬೇರುಬಿಟ್ಟರೆ, ದಿನವೂ ನೋಡಿಕೊಳ್ಳುವವರಿಲ್ಲದ ಗೋಡೆ ಬಹುಕಾಲ ನಿಲ್ಲುವುದಿಲ್ಲ.

ಆದರೂ ಉಳಿಸಿಕೊಂಡ ನಿದರ್ಶನವೊಂದು ಅಲ್ಲೇ ಇದೆ. 1833ರಲ್ಲಿ ಆಗ್ರಾ ಬ್ಯಾಂಕಿಗಾಗಿ ಕಟ್ಟಿದ ಕರೆನ್ಸಿ ಬಿಲ್ಡಿಂಗನ್ನು 1990ರ ದಶಕದಲ್ಲಿ ಕೆಡವಲು ಹೊರಟು, ನಡುಮನೆಯ ಗುಮ್ಮಟಗಳನ್ನು ಉರುಳಿಸಿಯೂ ಆಗಿತ್ತು. ವಿರೋಧ ಬಂದು ಕೆಲಸ ನಿಂತಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉಳಿದುದನ್ನು ದುರಸ್ತಿ ಮಾಡಿತು. 2020ರ ಜನವರಿಯಲ್ಲಿ ಅದು ವಸ್ತುಪ್ರದರ್ಶನಗಳ ತಾಣವಾಗಿ ತೆರೆಯಿತು. ಬಿದ್ದ ಗುಮ್ಮಟಗಳನ್ನು ಹೊಸದಾಗಿ ಕಟ್ಟದೆ ಆ ಜಾಗವನ್ನು ಬಯಲು ಅಂಗಳವಾಗಿಯೇ ಬಿಟ್ಟದ್ದು ಪ್ರಾಮಾಣಿಕವಾದ ತೀರ್ಮಾನ ಎಂದು ನನಗನ್ನಿಸುತ್ತದೆ, ಏಕೆಂದರೆ ಆದ ನಷ್ಟವನ್ನು ಅದು ಮುಚ್ಚಿಡುವುದಿಲ್ಲ.

ಪ್ರಶ್ನೆ: ಕೋಲ್ಕತ್ತವನ್ನು ಸ್ಥಾಪಿಸಿದವನು ಜಾಬ್ ಚಾರ್ನಾಕ್ ಎಂದು ಶಾಲೆಯಲ್ಲಿ ಓದಿದ್ದೆವು. ಅದು ಸರಿಯೇ?
– ಶಿಕ್ಷಕಿ, ಕಾರವಾರ

ಉತ್ತರ: ಸರಿಯಲ್ಲ. ಕಂಪನಿಯ ಏಜೆಂಟನಾಗಿದ್ದ ಚಾರ್ನಾಕ್ 1690ರ ಆಗಸ್ಟ್ 24ರಂದು ಸುತಾನುಟಿಯಲ್ಲಿ ಬಂದಿಳಿದದ್ದು ನಿಜ. ಅವನ ಸಮಾಧಿ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿದೆ. ಮದ್ರಾಸಿನ ಕಡೆಯಿಂದ ತರಿಸಿದ ಅದರ ಕಲ್ಲಿನ ಜಾತಿಗೆ ಭೂವಿಜ್ಞಾನಿಗಳು ಅವನ ಹೆಸರಿನಿಂದಲೇ ಚಾರ್ನಕೈಟ್ ಎಂದು ಹೆಸರಿಟ್ಟರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಯೂ ಅದೇ ಜಾತಿಯದು. ಆದರೆ ಅವನು ಬರುವ ಮೊದಲೇ ಸುತಾನುಟಿ, ಕಲಿಕಾತಾ, ಗೋಬಿಂದಪುರ ಎಂಬ ಗ್ರಾಮಗಳಿದ್ದವು, ನೂಲು–ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಸೇಟ್ ಮತ್ತು ಬಸಾಕ್ ಮನೆತನಗಳಿದ್ದವು. ಆ ಮೂರು ಗ್ರಾಮಗಳ ಹಕ್ಕನ್ನು ಕಂಪನಿ ಸಾಬರ್ಣ ರಾಯ್‌ಚೌಧುರಿ ಮನೆತನದಿಂದ 1,300 ರೂಪಾಯಿಗೆ ಪಡೆದದ್ದು 1698ರಲ್ಲಿ, ಚಾರ್ನಾಕ್ ತೀರಿಕೊಂಡ ಮೇಲೆ. ಅವನನ್ನು ನಗರದ ಸ್ಥಾಪಕನೆಂದು ಪರಿಗಣಿಸಲಾಗದು ಎಂದು ಕಲ್ಕತ್ತ ಹೈಕೋರ್ಟ್ 2003ರಲ್ಲಿ ತೀರ್ಪು ನೀಡಿತು. ನಿಮ್ಮ ತರಗತಿಯ ಮಕ್ಕಳಿಗೆ ದಯವಿಟ್ಟು ಇದನ್ನು ತಿಳಿಸಿ.