ಪಿನ್ ಒತ್ತುವ ಬೆರಳು ನಿಮ್ಮದೇ ಇರಲಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫೋನಿನಲ್ಲಿ ಹಣ ಕಳಿಸುವ ವಿಷಯದ್ದೇ. ನಾನು 34 ವರ್ಷ ಬ್ಯಾಂಕಿನ ಕೌಂಟರ್‌ನಲ್ಲಿ ಕೂತು ನೋಟು ಎಣಿಸಿದವಳು. ಯುಪಿಐ ಶುರುವಾಗಿದ್ದು 2016ರಲ್ಲಿ. ಆಗ ನನಗೆ ನಿವೃತ್ತಿಗೆ ಮೂರೇ ವರ್ಷ ಬಾಕಿ ಇತ್ತು. ನಿಮ್ಮ ಹಾಗೆ ನಾನೂ ವಯಸ್ಸಾದ ಮೇಲೆ ಇದನ್ನು ಕಲಿತೆ. ಹಾಗಾಗಿ ಎಲ್ಲಿ ತೊಡಕಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ನಿವೃತ್ತ ಮೇಷ್ಟ್ರು. ‘ನಿಮ್ಮ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತದೆ’ ಎಂದು ವಾಟ್ಸಾಪ್‌ನಲ್ಲಿ ಬಂತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಆ ಕಡೆಯವರು ಒಂದು ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ಎಂದರು, ಮಾಡಿದರು. ಹತ್ತು ನಿಮಿಷದಲ್ಲಿ 46,000 ರೂಪಾಯಿ ಹೋಯಿತು. ನಮಗೆ ಹೇಳಿದ್ದು ನಾಲ್ಕು ದಿನ ಕಳೆದ ಮೇಲೆ. ಈಗ ಊಟ ಸರಿಯಾಗಿ ಮಾಡುತ್ತಿಲ್ಲ, ಯಾರ ಜೊತೆಗೂ ಮಾತಿಲ್ಲ. ಹಣ ವಾಪಸ್ ಸಿಗುತ್ತದಾ ಮೇಡಂ? — ಮಗಳು, ಸಾಗರ

ಉತ್ತರ: ಇದನ್ನು ಓದುವ ಹೊತ್ತಿಗೆ ನೀವು ದೂರು ಕೊಟ್ಟಿರಬಹುದು. ಕೊಟ್ಟಿಲ್ಲವಾದರೆ ಈಗಲೇ 1930ಕ್ಕೆ ಫೋನ್ ಮಾಡಿಸಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ. ಕಳ್ಳರು ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ. ಅದು ಎಲ್ಲಿ ನಿಂತಿದೆಯೋ ಅಲ್ಲೇ ತಡೆಹಿಡಿಯುವ ಪ್ರಯತ್ನ ಈ ದೂರಿನಿಂದ ಶುರುವಾಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ನಾಲ್ಕು ದಿನ ಅಂದರೆ ತಡವೇ. ಆದರೂ ದೂರು ಕೊಡದೆ ಇರಬೇಡಿ.

ಆಮೇಲೆ ಬ್ಯಾಂಕಿಗೆ ಹೋಗಿ. ಬಾಯಲ್ಲಿ ಹೇಳಿ ಬಂದರೆ ಸಾಲದು. ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿತು. ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದಾಗ, ಬ್ಯಾಂಕಿನಿಂದ ಮೆಸೇಜ್ ಬಂದು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ನಷ್ಟದ ಒಂದು ಪಾಲು ನಮ್ಮ ಮೇಲೆ ಬೀಳುತ್ತದೆ. ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಫೈಲನ್ನು ತಂದೆಯವರೇ ಹಾಕಿಕೊಂಡದ್ದರಿಂದ ‘ಗ್ರಾಹಕರ ಅಜಾಗ್ರತೆ’ ಎಂದು ಬ್ಯಾಂಕ್ ವಾದಿಸಬಹುದು. ಆದರೆ ನೀವು ತಿಳಿಸಿದ ಮೇಲೆ ಹೋಗುವ ಒಂದು ರೂಪಾಯಿಗೂ ಬ್ಯಾಂಕೇ ಹೊಣೆ. ಅದಕ್ಕೇ ಆ ಸೀಲು ಮುಖ್ಯ.

ಆ ಫೋನ್ ಇನ್ನೂ ಬಳಕೆಯಲ್ಲಿದೆಯಾ? ಹಾಗಿದ್ದರೆ ಅದನ್ನು ಮೊದಲು ಫ್ಲೈಟ್ ಮೋಡ್‌ಗೆ ಹಾಕಿ. ಇಂಥ ಫೈಲ್‌ಗಳು ಒಳಗೆ ಕೂತು ಬರುವ ಓಟಿಪಿಗಳನ್ನೆಲ್ಲ ಕಳ್ಳರಿಗೆ ಕಳಿಸುತ್ತಿರುತ್ತವೆ. ಬೇಕಾದ ಫೋಟೋ ತೆಗೆದಿಟ್ಟುಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಾಯಿಸಿ.

ಇನ್ನು ನಿಮ್ಮ ತಂದೆ. ನನ್ನ ಜೊತೆ ಕೆಲಸ ಮಾಡಿದ ಮ್ಯಾನೇಜರ್ ಒಬ್ಬರಿದ್ದರು. ಸಾಲದ ಕಾಗದದಲ್ಲಿ ಸಹಿಯ ಬಾಲ ಒಂಚೂರು ಬೇರೆ ಇದ್ದರೂ ಹಿಡಿಯುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೂ ‘ನಿಮ್ಮ ಪಾರ್ಸೆಲ್ ನಿಂತಿದೆ, 5 ರೂಪಾಯಿ ಕಟ್ಟಿ’ ಎಂಬ ಲಿಂಕ್ ಬಂತು. ಒತ್ತಿದರು, ಒಂದು ತಿಂಗಳ ಪೆನ್ಷನ್ ಹೋಯಿತು. ಮನೆಯಲ್ಲಿ ಹೇಳಿದ್ದು ಎಂಟು ದಿನದ ಮೇಲೆ. ‘ನಲವತ್ತು ವರ್ಷ ಬೇರೆಯವರ ದುಡ್ಡು ಕಾದೆ, ನನ್ನದನ್ನೇ ಕಾಯಲಿಲ್ಲವಲ್ಲ’ ಅಂತ ನನ್ನ ಮುಂದೆ ಅತ್ತರು. ಕಳ್ಳರು ನಂಬಿಕೊಂಡಿರುವುದು ಈ ನಾಚಿಕೆಯನ್ನೇ. ನಾವು ಬಾಯಿ ಮುಚ್ಚಿಕೊಂಡಷ್ಟೂ ಅವರಿಗೆ ಹಣ ದಾಟಿಸಲು ಸಮಯ ಸಿಗುತ್ತದೆ. ನಿಮ್ಮ ತಂದೆಯನ್ನು ‘ಯಾಕೆ ಒತ್ತಿದಿರಿ’ ಅಂತ ಇನ್ನೊಂದು ಸಲ ಕೇಳಬೇಡಿ. 1930ಕ್ಕೆ ಅವರ ಕೈಯಿಂದಲೇ ಫೋನ್ ಮಾಡಿಸಿ, ನೀವು ಪಕ್ಕದಲ್ಲಿ ಕೂತಿರಿ. ಬ್ಯಾಂಕಿನ ಅರ್ಜಿಯನ್ನೂ ಅವರೇ ಬರೆಯಲಿ. ಮೇಷ್ಟ್ರು ಅಲ್ವಾ, ಚೆನ್ನಾಗಿ ಬರೆಯುತ್ತಾರೆ.

ಪ್ರಶ್ನೆ: ಬಂಕ್‌ನಲ್ಲಿ 500 ರೂಪಾಯಿಗೆ ಪೆಟ್ರೋಲ್ ಹಾಕಿಸಿದೆ. ನನ್ನ ಖಾತೆಯಲ್ಲಿ ಕಟ್ ಆಯಿತು, ಅವರಿಗೆ ಬರಲಿಲ್ಲ. ಹಿಂದೆ ಗಾಡಿಗಳು ಸಾಲುಗಟ್ಟಿದ್ದವು. ಮತ್ತೆ 500 ನಗದು ಕೊಟ್ಟು ಬಂದೆ. ಆರು ದಿನವಾಯಿತು. — ಓದುಗ, ಮಂಡ್ಯ

ಉತ್ತರ: ಅಂಗಡಿಗೆ ಕೊಟ್ಟ ಹಣ ಹೀಗೆ ನಡುವೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮಾರನೇ ದಿನವೇ ಬರಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಕೇಳುವವರು ಕಡಿಮೆ, ಅಷ್ಟೇ. ಮೊದಲು ಬಂಕ್‌ನವರ ಹತ್ತಿರ ವಿಚಾರಿಸಿ. ಕೆಲವು ಸಲ ಅವರಿಗೆ ತಡವಾಗಿ ಜಮಾ ಆಗಿರುತ್ತದೆ. ಆಗ ಅವರೇ ಕೊಡಬೇಕು. ಬಂದಿಲ್ಲವಾದರೆ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆಯಿರಿ. ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು ಅಲ್ಲೇ ದೂರು ಹಾಕಿ, ಬ್ಯಾಂಕಿಗೂ ಕೊಡಿ. 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ.

ಒಂದು ಮಾತು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರೇ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ. 500 ಹೋಯಿತೆಂದು ಫೋನ್ ಮಾಡಿದವರು 50,000 ಕಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಎಟಿಎಂ ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ, ಆ್ಯಪ್‌ನ ಒಳಗೆ ಇರುವ ನಂಬರ್ ಮಾತ್ರ ನಂಬಿ.

ಪ್ರಶ್ನೆ: ನಾನು ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತೇನೆ. 2025ರಲ್ಲಿ ಬೆಂಗಳೂರಿನ ಅಂಗಡಿಯವರಿಗೆ ಟ್ಯಾಕ್ಸ್ ನೋಟಿಸ್ ಬಂದಾಗ ಹೆದರಿ ಸ್ಕ್ಯಾನರ್ ಕಿತ್ತಿಟ್ಟೆ. ಈಗ ಗಿರಾಕಿಗಳು ‘ಫೋನ್‌ಪೇ ಇಲ್ವಾ’ ಅಂತ ಕೇಳಿ ಮುಂದಿನ ಗಾಡಿಗೆ ಹೋಗುತ್ತಾರೆ. ಏನು ಮಾಡಲಿ? — ಓದುಗ, ದಾವಣಗೆರೆ

ಉತ್ತರ: ಸ್ಕ್ಯಾನರ್ ವಾಪಸ್ ಹಾಕಿ. ಬರೀ ತಾಜಾ ತರಕಾರಿ ಮಾರುವವರಿಗೆ ಜಿಎಸ್‌ಟಿಯೇ ಇಲ್ಲ, ನೋಂದಣಿಯೂ ಬೇಡ.

2025ರ ಜುಲೈನಲ್ಲಿ ಆದದ್ದು ಇಷ್ಟು. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತರಿಸಿಕೊಂಡು, ಜಾಸ್ತಿ ಹಣ ಬಂದವರಿಗೆ ನೋಟಿಸ್ ಕಳಿಸಿದರು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಗಾಬರಿಯಾಗಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕಿನವರು ಹೆದರಬೇಕಿಲ್ಲವೆಂದು ಸರ್ಕಾರವೇ ಆಮೇಲೆ ಹೇಳಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ಮೇಲೆ ನೋಂದಣಿ ಬೇಕು. ಅಂದರೆ ದಿನಕ್ಕೆ ಸುಮಾರು 11,000. ಸೇವೆ ಕೊಡುವವರಿಗೆ 20 ಲಕ್ಷ. ಈ ಲೆಕ್ಕದಲ್ಲಿ ನಗದೂ ಸೇರುತ್ತದೆ. ಸ್ಕ್ಯಾನರ್ ಕಿತ್ತರೆ ವಹಿವಾಟು ಕಡಿಮೆ ಆಗುವುದಿಲ್ಲ, ಗಿರಾಕಿ ಮಾತ್ರ ಕಡಿಮೆ ಆಗುತ್ತಾರೆ. ಮುಂದೆ ನೀವು ಮಸಾಲೆ ಪೊಟ್ಟಣ, ಎಣ್ಣೆ ಅಂತ ಬೇರೆ ಸರಕೂ ಇಟ್ಟರೆ ತರಕಾರಿಯದ್ದೂ ಸೇರಿಸಿ 40 ಲಕ್ಷ ಲೆಕ್ಕ ಹಾಕುತ್ತಾರೆ. ಆಗ ಒಬ್ಬ ಆಡಿಟರ್‌ನ್ನು ಕೇಳಿ.

ನೋಟಿಸ್ ಬಂದ ಎಷ್ಟೋ ಮಂದಿಗೆ ತೊಂದರೆ ಕೊಟ್ಟಿದ್ದು ಇನ್ನೊಂದು. ವ್ಯಾಪಾರದ ಹಣ, ಚೀಟಿ ಹಣ, ಭಾವನ ಕೈಸಾಲ, ಮಗಳ ಮದುವೆಗೆ ಬಂದ ಮುಯ್ಯಿ ಎಲ್ಲ ಒಂದೇ ಖಾತೆಗೆ ಬಿದ್ದಿತ್ತು. ಯಾವುದು ಯಾವುದೆಂದು ಬಿಡಿಸಿ ಹೇಳುವುದೇ ಕಷ್ಟವಾಯಿತು. ಗಾಡಿಗೆ ಅಂತಲೇ ಬೇರೆ ಖಾತೆ ಮಾಡಿ, ಸ್ಕ್ಯಾನರ್ ಅದಕ್ಕೇ ಇರಲಿ. ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯನ್ನೂ ಇಟ್ಟುಕೊಳ್ಳಿ. ಸಂಜೆ ರಶ್ಶಿನಲ್ಲಿ ಗಿರಾಕಿ ತೋರಿಸುವ ಸ್ಕ್ರೀನ್ ನಿಜವೋ ನಕಲಿಯೋ ಅಂತ ನೋಡುತ್ತಾ ನಿಲ್ಲಲು ಆಗುವುದಿಲ್ಲ. ಪೆಟ್ಟಿಗೆ ಕನ್ನಡದಲ್ಲೇ ಕೂಗುತ್ತದೆ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ಊರಿನ ಸಿಮ್ ಇಲ್ಲದೆ ಅಮ್ಮನಿಗೆ ಯುಪಿಐನಲ್ಲಿ ಹಣ ಹಾಕಬಹುದಾ? — ಕುಂದಾಪುರದ ಓದುಗ

ಉತ್ತರ: ಆಗುತ್ತದೆ. ಹೊರದೇಶದಲ್ಲಿರುವವರಿಗೆಂದೇ ಇರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಒಮಾನ್ ನಂಬರನ್ನೇ ಜೋಡಿಸಿ ಯುಪಿಐ ಬಳಸಲು 2023ರಿಂದ ಅವಕಾಶವಿದೆ. ನಿಮ್ಮ ಬ್ಯಾಂಕ್ ಆ ಸೌಲಭ್ಯ ಕೊಟ್ಟಿದೆಯೇ ಅಂತ ಕೇಳಿಕೊಳ್ಳಿ. ಹಳೇ ಸಿಮ್ ರೀಚಾರ್ಜ್ ಮಾಡದೆ ಬಿಟ್ಟಿದ್ದರೆ, ಆ ನಂಬರನ್ನು ಬ್ಯಾಂಕಿನ ಎಲ್ಲ ಖಾತೆಗಳಿಂದ ಬೇಗ ತೆಗೆಸಿ. ಕಂಪನಿಯವರು ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ಪ್ರಶ್ನೆ: ನನಗೆ 61 ವರ್ಷ. ಗೃಹಲಕ್ಷ್ಮಿ ಹಣ ನನ್ನ ಖಾತೆಗೆ ಬರುತ್ತದೆ. ಮಗ ದೊಡ್ಡ ಫೋನ್ ಕೊಡಿಸಿದ್ದಾನೆ. ಇಷ್ಟು ದಿನ ಮೊಮ್ಮಗ ಎಲ್ಲ ಮಾಡಿಕೊಡುತ್ತಿದ್ದ. ಈಗ ಅವನು ಹಾಸ್ಟೆಲ್‌ಗೆ ಹೋದ. ಬೀದಿಯ ಅಂಗಡಿ ಹುಡುಗನಿಗೆ ಪಿನ್ ಹೇಳಿದ್ದೇನೆ. ಒಳ್ಳೇ ಹುಡುಗ. ಆದರೂ ಮನಸ್ಸಿಗೆ ಒಂಥರಾ. ಕನ್ನಡ ಓದಲು ಬರುತ್ತದೆ. ಈ ವಯಸ್ಸಿನಲ್ಲಿ ಕಲಿಯಬಹುದಾ? — ಹೆಸರು ಬೇಡ, ತಿಪಟೂರು

ಉತ್ತರ: ಕಲಿಯಬಹುದು ತಾಯಿ. ಮೊದಲು ಒಂದು ಹಳೇ ಸಂಗತಿ ಹೇಳುತ್ತೇನೆ.

1989. ಅರಸೀಕೆರೆ ಕಡೆಯ ಒಂದು ಸಣ್ಣ ಶಾಖೆ. ಸಂತೆ ದಿನ. ಒಬ್ಬ ಗಂಡಸು ತನ್ನ ಅತ್ತೆಯ ಪಾಸ್‌ಬುಕ್ಕು ಮತ್ತು ಹಣ ತೆಗೆಯುವ ಫಾರಂ ತಂದ. ಫಾರಂ ಮೇಲೆ ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ‘ಅವರೇ ಬಂದು ನನ್ನ ಕಣ್ಣೆದುರು ಒತ್ತಬೇಕು’ ಅಂದೆ. ರೇಗಾಡಿ ಹೋದ. ಎರಡು ದಿನಕ್ಕೆ ಆ ಅಜ್ಜಿ ಬಂದರು. 800 ರೂಪಾಯಿ ತೆಗೆಯುವ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ರೇಷನ್ ಕಾರ್ಡಿಗೆ ಅಂತ ಹೇಳಿ ಒತ್ತಿಸಿಕೊಂಡಿದ್ದನಂತೆ. ಅಜ್ಜಿ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದರು. ಮಸಿ ಇನ್ನೂ ಉಗುರಿನ ಸಂದಿಯಲ್ಲಿತ್ತು.

ನಿಮ್ಮ ಪಿನ್ ಅಂದರೆ ಆ ಹೆಬ್ಬೆಟ್ಟು. ಅಂಗಡಿ ಹುಡುಗ ಒಳ್ಳೆಯವನೇ ಇರಲಿ. ನಾಳೆ ಬೇರೆ ಯಾರಿಂದಲೋ ನೂರು ರೂಪಾಯಿ ಹೆಚ್ಚುಕಮ್ಮಿ ಆದರೂ ಎಲ್ಲರೂ ನೋಡುವುದು ಅವನ ಕಡೆಗೇ. ಅವನಿಗೋಸ್ಕರವಾದರೂ ಪಿನ್ ಬದಲಾಯಿಸಿ. ಎಟಿಎಂ ಕಾರ್ಡ್ ಇಲ್ಲದಿದ್ದರೂ ಆಧಾರ್ ಓಟಿಪಿಯಿಂದ ಆಗುತ್ತದೆ. ಮೊಮ್ಮಗ ರಜೆಗೆ ಬಂದಾಗ ಕೂರಿಸಿಕೊಳ್ಳಿ. ಅವನು ಹೇಳಲಿ, ಒತ್ತುವುದು ನೀವೇ. ಹುಟ್ಟಿದ ವರ್ಷ ಇಡಬೇಡಿ.

ನಮ್ಮ ಬೀದಿಯ ಹೂವಿನಮ್ಮನಿಗೆ ನಾನು ಕಲಿಸಿದ್ದು ಹೀಗೆ. ಜಗುಲಿ ಮೇಲೆ ಕೂತೆವು. ಮೊದಲ ದಿನ ಸ್ಕ್ರೀನ್ ಅವರ ಮಾತೇ ಕೇಳಲಿಲ್ಲ. ‘ನನ್ನ ಕೈಗೆ ಆಗಲ್ಲ ಬಿಡಿ ಅಕ್ಕಾ’ ಅಂದರು. ನೋಡಿದರೆ ಬೆರಳೆಲ್ಲ ಒದ್ದೆ. ಮಲ್ಲಿಗೆ ಮೇಲೆ ನೀರು ಚಿಮುಕಿಸಿ ಬಂದಿದ್ದರು. ಸೆರಗಿನಲ್ಲಿ ಒರೆಸಿಕೊಂಡ ಮೇಲೆ ಸರಿಹೋಯಿತು. ನನ್ನ ಸ್ಕ್ಯಾನರ್ ಹಿಡಿದರು. ಹೆಸರು ಬಂತು. ‘ಯಾರ ಹೆಸರು, ಜೋರಾಗಿ ಓದಿ’ ಅಂದೆ. ಓದಿದರು. ಒಂದು ರೂಪಾಯಿ ಹಾಕಿದರು. ಪಿನ್ ಕೇಳಿದಾಗ ನಾನು ಮುಖ ಆ ಕಡೆ ತಿರುಗಿಸಿದೆ. ನನ್ನ ಫೋನ್ ಟಿಣ್ ಅಂತು. ಒಂದು ವಾರ ದಿನಾ ಒಂದೊಂದು ರೂಪಾಯಿ ಕಳಿಸಿದರು, ನಾನು ವಾಪಸ್ ಹಾಕಿದೆ. ವಾಪಸ್ ಹಾಕುವಾಗ ಅವರ ಫೋನ್ ಪಿನ್ ಕೇಳಿತಾ ಅಂತ ಪ್ರತಿ ಸಲ ಕೇಳುತ್ತಿದ್ದೆ. ‘ಇಲ್ಲ’ ಅನ್ನುತ್ತಿದ್ದರು. ಹಣ ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಇದನ್ನು ಬಾಯಿಪಾಠ ಮಾಡಿಸುವ ಬದಲು ಕಣ್ಣಾರೆ ತೋರಿಸಿದ್ದು ಒಳ್ಳೆಯದಾಯಿತು. ಮುಂದೆ ಯಾರೋ ‘ನಿಮಗೆ ಹಣ ಹಾಕುತ್ತೇನೆ, ಪಿನ್ ಒತ್ತಿ’ ಅಂದಾಗ ಅವರು ಫೋನ್ ಇಟ್ಟುಬಿಟ್ಟರು.

ನೀವೂ ಹಾಗೇ ಶುರು ಮಾಡಿ. ಆ್ಯಪ್‌ನ ಭಾಷೆ ಕನ್ನಡಕ್ಕೆ ಹಾಕಿಸಿಕೊಳ್ಳಿ. ಗೃಹಲಕ್ಷ್ಮಿ ಹಣದ ಖಾತೆ ಮಾತ್ರ ಫೋನಿಗೆ ಜೋಡಿಸಿ. ಉಳಿತಾಯ ಬೇರೆ ಕಡೆ ಇದ್ದರೆ ಅದು ಫೋನಿಗೆ ಬರುವುದೇ ಬೇಡ. ಹಾಲು, ಸೊಪ್ಪಿನಂಥ ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್ ಅಂತ ಆ್ಯಪ್‌ನ ಒಳಗೇ ಒಂದು ಸಣ್ಣ ಪರ್ಸ್ ಇದೆ, ಅದರಿಂದ ಕೊಡಲು ಪಿನ್ ಬೇಕಿಲ್ಲ. 5,000ದ ತನಕ ಇಡಬಹುದು. ನೀವು 300 ಇಟ್ಟರೆ ಸಾಕು. ಫೋನ್ ಬಸ್ಸಿನಲ್ಲಿ ಬಿದ್ದುಹೋದರೂ ಅಷ್ಟೇ ತಾನೇ. ಹಾಗೇನಾದರೂ ಕಳೆದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಮರುಕ್ಷಣವೇ ಬ್ಯಾಂಕಿಗೆ ತಿಳಿಸಿ. ಬ್ಯಾಂಕಿನ ನಂಬರನ್ನು ಈಗಲೇ ಕ್ಯಾಲೆಂಡರ್ ಹಿಂದೆ ಬರೆದಿಡಿ. ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ಅಂಗಡಿ ಹುಡುಗನ ಹತ್ತಿರ ಸಾಮಾನು ತರುವುದನ್ನು ಬಿಡಬೇಡಿ. ಮುಂದಿನ ತಿಂಗಳ ಲೆಕ್ಕವನ್ನು ಅವನ ಎದುರಿಗೇ ನಿಂತು, ಸ್ಕ್ಯಾನರ್‌ನಲ್ಲಿ ಬರುವ ಹೆಸರು ಓದಿ ಹೇಳಿ, ನೀವೇ ಕೊಡಿ. ಕನ್ನಡಕ ಮರೆಯದೆ ತೆಗೆದುಕೊಂಡು ಹೋಗಿ.